ಮೂಲೆಯ ನಕ್ಷೆ

ತೆರೆಯ ಬಲ ಕೆಳಮೂಲೆಯಲ್ಲಿ ಬಿಸ್ಕತ್ತಿನಷ್ಟು ಅಗಲದ ಒಂದು ನಕ್ಷೆ ಇರುತ್ತಿತ್ತು. ಅದರ ಮೇಲೆ ಹತ್ತು ಚುಕ್ಕೆಗಳು ಓಡಾಡಬೇಕು. ಐದು ಹಸಿರು, ಐದು ಕೆಂಪು. ಹಸಿರು ನಾವು, ಕೆಂಪು ಅವರು. ಹಸಿರು ಚುಕ್ಕೆಗಳು ಸದಾ ಕಾಣುತ್ತವೆ, ಕೆಂಪು ಚುಕ್ಕೆಗಳು ಆಗಾಗ ಮೂಡಿ ಆಗಾಗ ಮಾಯವಾಗುತ್ತವೆ. ಆ ಆಟವನ್ನು ನಾನು ಮೂರು ವರ್ಷ ಆಡಿದೆ. ಅಷ್ಟೂ ವರ್ಷಗಳಲ್ಲಿ ಆ ಮೂಲೆಯ ಕಡೆ ಕಣ್ಣು ಹಾಯಿಸಿದ್ದು ಎಲ್ಲ ಸೇರಿ ಅರ್ಧ ಗಂಟೆ ಇದ್ದರೆ ಅದೇ ಹೆಚ್ಚು. ನಕ್ಷೆ ನೋಡುವುದು ಬೆರಳಲ್ಲಿ ಕಸುವಿಲ್ಲದವರ ಕೆಲಸ ಎಂದು ತಿಳಿದಿದ್ದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಎರಡು ಕೋಟೆಗಳು, ನಡುವೆ ಕಾಡು, ಕಾಡನ್ನು ಸೀಳಿಕೊಂಡು ಹೋಗುವ ಮೂರು ದಾರಿಗಳು. ಐದೈದು ಜನರ ಎರಡು ತಂಡ. ಎದುರಾಳಿಯ ಕೋಟೆ ಕೆಡವಿದವರು ಗೆದ್ದಂತೆ. ನಡುವೆ ಸತ್ತವರು ಅರ್ಧ ನಿಮಿಷ ಕಾದು ತಮ್ಮ ಕೋಟೆಯಲ್ಲಿ ಮತ್ತೆ ಹುಟ್ಟುತ್ತಾರೆ. ಇಡೀ ಬಯಲಿಗೆ ಮಂಜು ಕವಿದಿರುತ್ತದೆ. ನಮ್ಮವರು ನಿಂತ ಕಡೆ ಮಾತ್ರ ಅದು ಸರಿದು ಅಲ್ಲಿರುವ ಎದುರಾಳಿಗಳು ಕಾಣುತ್ತಾರೆ. ಬೇರೆ ಕಡೆ ಕಾಣಬೇಕಾದರೆ ಪೊದೆಗಳಲ್ಲಿ ವಾರ್ಡ್ ಎಂಬ ಪುಟ್ಟ ಗೂಟ ನೆಡಬೇಕು. ಎರಡು ಮೂರು ನಿಮಿಷ ಅದು ನಮ್ಮ ಕಣ್ಣಾಗಿ ಕಾಯುತ್ತದೆ. ಗೂಟ ನೆಡುವುದು, ಗಾಯಗೊಂಡವರಿಗೆ ಮದ್ದು ಕೊಡುವುದು, ನಕ್ಷೆ ಕಾಯುವುದು ಐದನೆಯವನ ಪಾಲಿನ ಚಾಕರಿ. ಕೊಲ್ಲುವುದು ನನ್ನ ಕೆಲಸ. ನನ್ನ ಬೆರಳುಗಳ ವೇಗ ನೋಡಲು ಜನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು, ನನಗೂ ಅದರಿಂದ ತಲೆಯ ಮೇಲೆ ಎರಡು ಕೊಂಬು ಬಂದಿದ್ದವು.

ನಮ್ಮ ಊರಿನಲ್ಲಿ ಗೇಮಿಂಗ್ ಸೆಂಟರ್ ಒಂದೇ ಇತ್ತು, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಒಳಗೆ ಕಾಲಿಟ್ಟರೆ ಹೊಸ ರಬ್ಬರಿನ ವಾಸನೆ. ಗೋಡೆಯ ಪಕ್ಕದ ಸಾಲಿನಲ್ಲಿ ಐದು ಕುರ್ಚಿಗಳಿದ್ದವು. ಅವು ಊರಿನ ತಂಡದ ಕುರ್ಚಿಗಳು, ಖಾಲಿಯಿದ್ದಾಗಲೂ ಬೇರೆ ಯಾರೂ ಅವುಗಳ ಮೇಲೆ ಕೂರುವಂತಿಲ್ಲ. ಈ ಕಟ್ಟಳೆ ಮಾಡಿದವನು ನಮ್ಮ ನಾಯಕ ಇಮ್ತಿಯಾಜ್. ಅವನಿಗೆ ಆಟಕ್ಕಿಂತ ಕಟ್ಟಳೆಗಳು ಚೆನ್ನಾಗಿ ಬರುತ್ತಿದ್ದವು. ಮೇಲಿನ ದಾರಿಗೂ ನಡುದಾರಿಗೂ ಅಣ್ಣತಮ್ಮಂದಿರಿಬ್ಬರು ಇದ್ದರು. ಅವರ ಹೆಸರು ಬೇಡ. ಅವರಿಬ್ಬರಲ್ಲಿ ಸೇರಿ ಒಂದು ತಲೆಯಷ್ಟು ಬುದ್ಧಿಯಿತ್ತು, ಅದು ಸರದಿಯಲ್ಲಿ ಒಬ್ಬರಿಂದೊಬ್ಬರಿಗೆ ಹೋಗುತ್ತಿತ್ತು. ಐದನೆಯ ಕುರ್ಚಿಯ ಒಂದು ಕೈ ಮುರಿದಿತ್ತು. ಅದರಲ್ಲಿ ಯಾರೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ. ಚಾಕರಿ ಯಾರಿಗೆ ಬೇಕು?

ಆ ಕುರ್ಚಿಗೆ ಬಂದವನು ಶೇಷಗಿರಿ. ಮೂವತ್ತೈದರ ಆಸುಪಾಸು, ನಮ್ಮ ನಾಲ್ವರಿಗಿಂತ ಹದಿನೈದು ವರ್ಷ ದೊಡ್ಡವನು. ಮದುವೆ ಮುಂಜಿಗಳ ಅಡುಗೆ ಕಂಟ್ರಾಕ್ಟರನ ತಂಡದಲ್ಲಿ ಬಡಿಸುವವನು. ಮದುವೆಯ ಊಟ ಮುಗಿದ ಮಧ್ಯಾಹ್ನಗಳಲ್ಲಿ, ಹೆಗಲ ಮೇಲೆ ಟವಲ್ಲು ಹಾಗೇ ಇರುವಂತೆ, ಸಾರಿನ ಘಮ ಹೊತ್ತು ಮಹಡಿ ಹತ್ತಿ ಬರುತ್ತಿದ್ದ. ಆಟದಲ್ಲಿ ಎಲ್ಲರೂ ತಮಗೆ ಯಮನದ್ದೋ ಸಿಡಿಲಿನದ್ದೋ ಹೆಸರಿಟ್ಟುಕೊಂಡಿದ್ದರೆ ಇವನು ರೇಷನ್ ಕಾರ್ಡಿನಲ್ಲಿ ಇರುವಂತೆ ಇನಿಷಿಯಲ್ ಸಮೇತ ಹೆಚ್. ಎಸ್. ಶೇಷಗಿರಿ ಎಂದೇ ಬರೆದುಕೊಂಡಿದ್ದ. ಮೊದಲ ದಿನ ಅದನ್ನು ತೆರೆಯ ಮೇಲೆ ಓದಿ ನಾನು ನಕ್ಕ ನಗೆ ಕೆಳಗಿನ ಚಪ್ಪಲಿ ಅಂಗಡಿಗೂ ಕೇಳಿಸಿರಬೇಕು. ಅವನೂ ನಮ್ಮ ಜೊತೆ ನಕ್ಕ. ಅವಮಾನ ಮಾಡಿದರೆ ಜೊತೆಗೂಡಿ ನಗುವವರನ್ನು ಕಂಡರೆ ನನಗೆ ಆಗ ಇನ್ನೂ ಅಸಹ್ಯವಾಗುತ್ತಿತ್ತು.

ಅವನ ಬೆರಳು ನಿಧಾನ. ಒಂದು ಏಟು ಹೊಡೆಯುವಷ್ಟರಲ್ಲಿ ನಾನು ಮೂರು ಹೊಡೆಯುತ್ತಿದ್ದೆ. ಆದರೆ ಅವನು ಬಂದ ಮೇಲೆ ನಾವು ಗೆಲ್ಲತೊಡಗಿದೆವು. ಕಾರಣ ನನ್ನ ಬೆರಳೇ ಎಂದು ನಾನು ಲೆಕ್ಕ ಹಾಕಿಕೊಂಡೆ. ಇಮ್ತಿಯಾಜ್‌ಗೆ ಅನುಮಾನವಿತ್ತು. ನಮ್ಮ ಐವರಲ್ಲಿ ಅತಿ ಹೆಚ್ಚು ಸಾಯುವವನು ನಾನೇ ಎಂದು ಅವನು ಒಂದು ದಿನ ಎಲ್ಲರೆದುರು ಹೇಳಿ, ನನಗೆ ನಕ್ಷೆ ನೋಡುವುದನ್ನು ಕಲಿಸಲು ಶೇಷಗಿರಿಗೆ ಒಪ್ಪಿಸಿದ. ಸಾರು ಬಡಿಸುವವನು ನನಗೆ ಗುರು. ಆ ಉರಿ ಎಷ್ಟೋ ದಿನ ಹೊಟ್ಟೆಯಲ್ಲಿತ್ತು.

ಅವನು ಕಲಿಸುತ್ತಿದ್ದ ರೀತಿಯೇ ವಿಚಿತ್ರ. ನಾನು ಆಡುತ್ತಿರುವಾಗ ಪಕ್ಕದಲ್ಲಿ ಕೂತು, ಇದ್ದಕ್ಕಿದ್ದಂತೆ ತನ್ನ ಟವಲ್ಲನ್ನು ತೆರೆಯ ಮೇಲೆ ಹೊದಿಸಿಬಿಡುತ್ತಿದ್ದ. ಅವರ ಮೂರನೆಯವನು ಎಲ್ಲಿದ್ದ ಎಂದು ಕೇಳುತ್ತಿದ್ದ. ನನಗೆ ಗೊತ್ತಿರುತ್ತಿರಲಿಲ್ಲ. ಎಷ್ಟು ಜನ ಕಾಣುತ್ತಿದ್ದರು ಎಂದು ಕೇಳುತ್ತಿದ್ದ. ಅದೂ ಗೊತ್ತಿರುತ್ತಿರಲಿಲ್ಲ. ಟವಲ್ಲು ತೆಗೆಯುವಷ್ಟರಲ್ಲಿ ನಾನು ಸತ್ತು ಬಿದ್ದಿರುತ್ತಿದ್ದೆ. ಅದು ಅವನ ತಪ್ಪೆಂದು ನಾನು ಕೂಗಾಡುತ್ತಿದ್ದೆ. ಅವನು ಸಮಾಧಾನವಾಗಿ ತನ್ನ ಕೆಲಸದ ಮಾತಿಗೆ ಬರುತ್ತಿದ್ದ.

“ಪಂಕ್ತೀಲಿ ಪಾತ್ರೆ ನೋಡ್ಕೊಂಡು ಬಡಿಸೋನು ಕೆಟ್ಟ ಕಣಪ್ಪ. ಸೌಟು ಅದರ ಪಾಡಿಗೆ ಅದು ಏಳ್ತದೆ, ಇಳೀತದೆ. ಕಣ್ಣು ಮಾತ್ರ ಆ ತುದಿ ಎಲೆ ಮೇಲಿರಬೇಕು. ತುಂಬಿದ ಎಲೆ ನೋಡಿ ಏನು ಮಾಡ್ತೀಯ? ಯಾವ ಎಲೇಲಿ ಏನಿಲ್ಲ, ಅದನ್ನ ನೋಡಬೇಕು. ಇಲ್ಲೂ ಅಷ್ಟೆ. ಕಾಣೋ ಕೆಂಪು ಚುಕ್ಕೆ ನಿನ್ನ ಕೊಲ್ಲಲ್ಲ.”

ಪ್ರತಿ ಏಟಿಗೊಮ್ಮೆ ಮೂಲೆ ನೋಡು, ಎಣಿಸು, ಕಡಿಮೆ ಬಿದ್ದರೆ ಹಿಂದಕ್ಕೆ ಬಾ. ಅವನ ಪಾಠವೆಲ್ಲ ಇಷ್ಟೆ. ಈಗ ಇದನ್ನೇ ದೊಡ್ಡ ವಿದ್ಯೆ ಎನ್ನುವ ಹಾಗೆ ಕ್ಯಾಮರಾ ಮುಂದೆ ಕೂತು ಗಂಟೆಗಟ್ಟಲೆ ಕೊರೆಯುವ ಪಂಡಿತರಿದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ತಮ್ಮ ಮನೆಯಲ್ಲಿ ಯಾರು ಊಟ ಮಾಡಿದರು, ಯಾರು ಮಾಡಿಲ್ಲ ಎಂಬುದೂ ತಿಳಿದಿರಲಾರದು. ನಾನು ಆಗ ಅವರಿಗಿಂತ ಮೇಲೇನಿರಲಿಲ್ಲ. ಅವನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ, ಅವನು ಆಚೆ ಹೋದೊಡನೆ ಅವನು ಸೌಟು ಹಿಡಿದಂತೆ ಮೌಸ್ ಹಿಡಿಯುವುದನ್ನು ಅಣಕಿಸಿ ತೋರಿಸುತ್ತಿದ್ದೆ. ಅಣ್ಣತಮ್ಮಂದಿರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ವರ್ಷ ಸುತ್ತಲ ಊರುಗಳ ತಂಡಗಳಿಗೆಲ್ಲ ಸೇರಿ ಒಂದು ಪಂದ್ಯಾವಳಿ ನಡೆಯಿತು. ನಾವು ಫೈನಲ್ಲಿಗೆ ಬಂದೆವು. ಹಿಂದಿನ ದಿನ ಸಂಜೆ ಇಮ್ತಿಯಾಜ್ ಇನ್ನೊಂದು ಕಟ್ಟಳೆ ಹೊರಡಿಸಿದ. ಗೆದ್ದರೆ ತಂಡ ಹೀಗೇ ಮುಂದುವರಿಯುತ್ತದೆ. ಸೋತರೆ ಐದನೆಯ ಕುರ್ಚಿ ಅವನ ಚಾಚಾನ ಮಗನಿಗೆ. ಆ ಮಗರಾಯ ಆಗಲೇ ಹೊಸ ಹೆಡ್‌ಫೋನ್ ಕೊಂಡು ಕಾಯುತ್ತಿದ್ದ. ಸೋತರೆ ಐದನೆಯದೇ ಏಕೆ ಎಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲೇ ಇಲ್ಲ. ಮೆಟ್ಟಿಲಿಳಿಯುವಾಗ ಶೇಷಗಿರಿ ನನ್ನ ಜೊತೆಗೇ ಇಳಿದ. ಮುಖ ಸಪ್ಪಗಿತ್ತು.

“ಹದಿನೈದು ವರ್ಷದಿಂದ ಕೂತವರಿಗೆ ಬಡಿಸ್ತಾ ಬಂದಿದ್ದೀನಪ್ಪ,” ಎಂದ. “ನಾನೂ ಕೂತು, ಪಕ್ಕದಲ್ಲಿ ನಾಲ್ಕು ಜನ ನಮ್ಮೋರು ಅಂತ ಇರೋದು ಇಲ್ಲೊಂದೇ ಕಡೆ. ಕಪ್ಪು ಗಿಪ್ಪು ನೀವೇ ಇಟ್ಕೊಳ್ಳಿ. ಈ ಕುರ್ಚಿ ಒಂದು ಉಳಿದ್ರೆ ನನಗೆ ಸಾಕು.”

ಉಳಿಯುತ್ತದೆ ಬಿಡಿ ಶೇಷಣ್ಣ, ನಾನಿದ್ದೇನಲ್ಲ ಎಂದೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಫೈನಲ್ಲು ಒಂದು ಸಭಾಭವನದಲ್ಲಿ, ಬೆಳಿಗ್ಗೆ ಹತ್ತಕ್ಕೆ. ವೇದಿಕೆಯ ಮೇಲೆ ಎರಡು ಸಾಲು ಮೇಜು, ಕೆಳಗೆ ಕಿಕ್ಕಿರಿದ ಜನ, ಎರಡೂ ಬದಿಗೆ ಆಳೆತ್ತರದ ಸ್ಪೀಕರುಗಳು. ಪಕ್ಕದವನು ಕಿವಿಯ ಬಳಿ ಕಿರುಚಿದರೂ ಕೇಳಿಸದ ಗದ್ದಲ. ಮಾತೇನಿದ್ದರೂ ಹೆಡ್‌ಫೋನಿನಲ್ಲೇ ಆಡಬೇಕು. ಆಟದ ನಡುವೆ ಯಾರಾದರೂ ಕುರ್ಚಿ ಬಿಟ್ಟು ಎದ್ದರೆ ಅಥವಾ ಪಕ್ಕದವನನ್ನು ಮುಟ್ಟಿದರೆ ಆ ತಂಡ ಔಟ್. ಮೂರು ಆಟಗಳಲ್ಲಿ ಎರಡು ಗೆದ್ದವರಿಗೆ ಕಪ್ಪು.

ಮೊದಲನೆಯದನ್ನು ಗೆದ್ದೆವು. ಆಟದುದ್ದಕ್ಕೂ ಶೇಷಗಿರಿಯ ದನಿ ಕಿವಿಯಲ್ಲಿತ್ತು. ಮೇಲೆ ಇಬ್ಬರು, ನಡುವೆ ಒಬ್ಬ, ಇಬ್ಬರು ಕಾಣ್ತಿಲ್ಲ. ಈಗ ಮೂವರು ಕಾಣ್ತಿಲ್ಲ, ಹಿಂದೆ ಬನ್ನಿ. ಶಾಲೆಯ ಹಾಜರಿಯಂತೆ ಬಿಡುವಿಲ್ಲದ ಎಣಿಕೆ. ಜೊತೆಗೆ ನಕ್ಷೆಯ ಮೇಲೆ ಅಪಾಯವಿರುವ ಕಡೆ ಟಣ್ ಟಣ್ ಎಂದು ಹಳದಿ ಗುರುತುಗಳನ್ನು ಒತ್ತುತ್ತಿದ್ದ. ಎರಡನೆಯ ಆಟದಲ್ಲಿ ನಾನು ಆಸೆಗೆ ಬಿದ್ದು ಎದುರಾಳಿಯೊಬ್ಬನ ಬೆನ್ನು ಹತ್ತಿ ಕಾಡಿಗೆ ನುಗ್ಗಿದೆ, ಮೂವರ ಕೈಗೆ ಸಿಕ್ಕಿಬಿದ್ದೆ, ಆಟ ಕೈತಪ್ಪಿತು. ಬಿಡುವಿನಲ್ಲಿ ಶೇಷಗಿರಿ ಬಂದು ನೀನು ಮೂಲೆ ನೋಡ್ತಾನೇ ಇಲ್ಲ ಎಂದ. ಮೆಲ್ಲಗೇ ಹೇಳಿದ. ಆದರೆ ಸುತ್ತ ನನ್ನ ಬೆರಳು ನೋಡಲು ಬಂದವರಿದ್ದರು, ಅವರಲ್ಲೊಬ್ಬ ಕಿಸಕ್ಕೆಂದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

ಮೂರನೆಯ ಆಟ ಶುರುವಾಗುತ್ತಿದ್ದಂತೆ ನಾನು ಹೆಸರುಗಳ ಪಟ್ಟಿ ತೆರೆದು, ಹೆಚ್. ಎಸ್. ಶೇಷಗಿರಿ ಎಂಬುದರ ಪಕ್ಕದ ಗುಂಡಿ ಒತ್ತಿ ಅವನನ್ನು ಮ್ಯೂಟ್ ಮಾಡಿದೆ. ಹಾಗೆ ಮಾಡಿದರೆ ಮತ್ತೆ ಆ ಗುಂಡಿ ಒತ್ತುವವರೆಗೆ ಅವನ ದನಿಯೂ ಕೇಳದು, ಅವನೊತ್ತುವ ಗುರುತುಗಳೂ ಕಾಣವು. ಮ್ಯೂಟ್ ಆದವನಿಗೆ ಅದು ತಿಳಿಯುವುದಿಲ್ಲ, ತಂಡದ ಉಳಿದವರಿಗೂ ತಿಳಿಯುವುದಿಲ್ಲ. ಕಿವಿ ತಣ್ಣಗಾಯಿತು. ಇನ್ನು ನೋಡಿ ನನ್ನ ಆಟ ಎಂದುಕೊಂಡೆ.

ಆಡಿದೆ, ಸುಳ್ಳು ಹೇಳಲಾರೆ, ಅಷ್ಟು ಚೆನ್ನಾಗಿ ನಾನು ಎಂದೂ ಆಡಿರಲಿಲ್ಲ. ಮೂವತ್ತು ನಿಮಿಷ ದಾಟುವಷ್ಟರಲ್ಲಿ ಕೆಳದಾರಿಯನ್ನೆಲ್ಲ ತೆರವು ಮಾಡಿ ಒಬ್ಬನೇ ಅವರ ಕೋಟೆಯ ಗೋಡೆಯವರೆಗೆ ಹೋಗಿದ್ದೆ. ಎದುರಿಗೆ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಹೆದರಿ ಓಡಿದ್ದಾರೆ ಎಂದುಕೊಂಡೆ. ಆಗ ಎಲ್ಲಿಂದಲೋ ಶೇಷಗಿರಿಯ ಬಡಪಾಯಿ ವೈದ್ಯ ಪಾತ್ರ ಓಡಿಬಂತು. ನಮ್ಮ ಕೋಟೆಯಲ್ಲಿ ಉಳಿದ ಮೂವರ ಜೊತೆ ಇರಬೇಕಾದವನು ಕೆಲಸ ಬಿಟ್ಟು ಇಷ್ಟು ದೂರ ಬಂದು ನನ್ನ ದಾರಿಗೆ ಅಡ್ಡ ನಿಂತ. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಗೆಲುವಿನ ಹೊತ್ತಿಗೆ ಬಂದು ಮುಂದೆ ಕುಣಿಯುತ್ತಾನಲ್ಲ ಎಂದು ಬಾಯಿಗೆ ಬಂದಂತೆ ಬೈದು, ಅವನ ಪಕ್ಕದಿಂದ ನುಸುಳಿ ಮುಂದೆ ನುಗ್ಗಿದೆ. ಪೊದೆಯಿಂದ ಐವರೂ ಎದ್ದರು. ಮೊದಲು ಅವನು ಬಿದ್ದ, ಆಮೇಲೆ ನಾನು. ನಾವಿಬ್ಬರೂ ಇಲ್ಲದ ಅರ್ಧ ನಿಮಿಷದಲ್ಲಿ ಅವರು ನಡುದಾರಿಯಲ್ಲಿ ಬಂದು ನಮ್ಮ ಕೋಟೆ ಕೆಡವಿದರು.

ಸೋತವರ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೋಟೆ ಬಿಟ್ಟು ಯಾಕೆ ಹೋದಿರಿ ಎಂದು ಇಮ್ತಿಯಾಜ್ ಶೇಷಗಿರಿಯನ್ನು ಕೇಳಿದ. ಅಣ್ಣತಮ್ಮಂದಿರು ತಲೆಯಾಡಿಸಿದರು. ಶೇಷಗಿರಿ ಒಮ್ಮೆ ಎಲ್ಲರನ್ನೂ ನೋಡಿದ, ಕೊನೆಗೆ ನನ್ನನ್ನು ನೋಡಿದ. ನಾನು ಬಾಯಿ ಬಿಟ್ಟೆ. ಬಿಟ್ಟು ಹೇಳಿದ್ದೇನು?

“ನನ್ನ ದಾರಿಗೆ ಅಡ್ಡ ಬಂದ್ರು. ಇಲ್ದಿದ್ರೆ ಮುಗಿಸ್ತಿದ್ದೆ.”

ಶೇಷಗಿರಿ ಟವಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ಮರುದಿನ ಐದನೆಯ ಕುರ್ಚಿಯಲ್ಲಿ ಚಾಚಾನ ಮಗ ಕೂತಿದ್ದ.

ನಾಲ್ಕೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಸೆಂಟರಿನಲ್ಲಿ ಆ ಫೈನಲ್ಲಿನ ರೆಕಾರ್ಡು ಹಾಕಿಕೊಂಡು ಕೂತೆ. ನನ್ನ ಆಟ ನಾನೇ ನೋಡಿ ಖುಷಿಪಡಲು, ಬೇರೆ ಉದ್ದೇಶವಿರಲಿಲ್ಲ. ರೆಕಾರ್ಡಿನಲ್ಲಿ ಮ್ಯೂಟ್ ಎಂಬುದಿಲ್ಲ, ಎಲ್ಲರ ಗುರುತುಗಳೂ ಕಾಣುತ್ತವೆ. ಮೂರನೆಯ ಆಟದ ನಕ್ಷೆಯ ತುಂಬ ಶೇಷಗಿರಿಯ ಹಳದಿ ಗುರುತು. ಇಪ್ಪತ್ತೆಂಟನೆಯ ನಿಮಿಷದಿಂದ ಆ ಗುರುತುಗಳು ಒಂದೇ ಸಮನೆ ಒಂದೇ ಜಾಗದಲ್ಲಿ ಬಿದ್ದಿದ್ದವು, ನನ್ನ ಚುಕ್ಕೆಯ ಮುಂದಿನ ಪೊದೆಯ ಮೇಲೆ. ನಕ್ಷೆಯಲ್ಲಿ ಆಗ ಒಂದೇ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಐದಕ್ಕೆ ಐದೂ ಮಾಯ. ಅಷ್ಟೆಲ್ಲ ಒತ್ತಿ ಒತ್ತಿ, ಗುರುತುಗಳು ಇದ್ದಕ್ಕಿದ್ದಂತೆ ನಿಂತವು. ಎರಡು ಕ್ಷಣ ಅವನ ಚುಕ್ಕೆ ಅಲುಗಾಡಲಿಲ್ಲ. ಆಮೇಲೆ ಕೋಟೆ ಬಿಟ್ಟು ನನ್ನ ಕಡೆ ಓಡತೊಡಗಿತು. ನನಗೆ ಕೇಳಿಸುತ್ತಿಲ್ಲವೆಂದು ಆ ಎರಡು ಕ್ಷಣಗಳಲ್ಲಿ ಅವನಿಗೆ ತಿಳಿದಿತ್ತು. ಮಾತು ಮುಟ್ಟದ ಮೇಲೆ ತಾನೇ ಬಂದು ಮೈ ಅಡ್ಡ ಕೊಟ್ಟಿದ್ದ. ತನ್ನ ಬಳಿ ಇದ್ದ, ಏಟು ತಡೆಯುವ ಒಂದೇ ಒಂದು ರಕ್ಷೆಯನ್ನೂ ನನಗೆ ತೊಡಿಸಿಯೇ ಬಿದ್ದಿದ್ದ. ಅದು ನನ್ನ ಮೈಮೇಲೆ ಹೊಳೆಯುತ್ತಿದ್ದುದನ್ನು ನಾನು ಮೊದಲ ಬಾರಿಗೆ ನೋಡಿದೆ.

ಅಂದು ಅವನ ತಂಡಕ್ಕೆ ಊರಾಚೆಯ ಛತ್ರದಲ್ಲಿ ನಾಮಕರಣದ ಅಡುಗೆಯಿತ್ತು. ನಾನು ಹೋದಾಗ ಕೊನೆಯ ಪಂಕ್ತಿ ಎದ್ದು, ಅವನು ಹಿತ್ತಿಲಲ್ಲಿ ನಿಂತು ಸಾರಿನ ಬಕೆಟ್ಟು ತೊಳೆಯುತ್ತಿದ್ದ. ಊಟ ಆಯ್ತಾ ಎಂದು ಕೇಳಿದ. ಆಗಿದೆ ಎಂದು ಸುಳ್ಳು ಹೇಳಿದೆ. ಮ್ಯೂಟ್ ಮಾಡಿದ್ದೆ ಎಂದು ಹೇಳುವಾಗ ನನ್ನ ದನಿ ನನಗೇ ಕೇಳಿಸುವಂತಿರಲಿಲ್ಲ.

“ಗೊತ್ತು,” ಎಂದ ಶೇಷಗಿರಿ.

“ಮತ್ತೆ ಅವತ್ತು ಯಾಕೆ ಹೇಳಲಿಲ್ಲ, ಶೇಷಣ್ಣ?”

ಅವನು ಬಕೆಟ್ಟನ್ನು ಬೋರಲು ಹಾಕಿ, ಟವಲ್ಲಿನಲ್ಲಿ ಕೈ ಒರೆಸಿಕೊಂಡ. “ಬಡಿಸೋಕೆ ಹೋದಾಗ ಕೆಲವರು ಎಲೆ ಮೇಲೆ ಕೈ ಅಡ್ಡ ಹಿಡೀತಾರೆ. ಬೇಡ ಅಂತ. ಬಲವಂತ ಮಾಡಬಾರದು, ಯಾಕೆ ಅಂತ ಕೇಳಬಾರದು, ಮುಂದಕ್ಕೆ ಹೋಗಬೇಕು. ಅದು ನಮ್ಮ ಕೆಲಸದ ಕ್ರಮ. ನಾಲ್ಕು ಎಲೆ ಮೇಲೂ ಕೈ ಅಡ್ಡ ಇದ್ರೆ ನಾನು ಯಾರಿಗೆ ಅಂತ ಬಡಿಸಲಿ?”

ನಾಲ್ಕು ಎಂದು ಅವನು ಹೇಳಿದ್ದು ಆಗ ನನಗೆ ಅರ್ಥವಾಗಲಿಲ್ಲ. ದುಃಖದಲ್ಲಿ ಎಲ್ಲರನ್ನೂ ಸೇರಿಸಿ ಹೇಳುತ್ತಿದ್ದಾನೆ ಎಂದುಕೊಂಡೆ. ಇಮ್ತಿಯಾಜ್‌ಗೆ ಎಲ್ಲ ಹೇಳುತ್ತೇನೆ, ನಿಮ್ಮ ಕುರ್ಚಿ ನಿಮಗೆ ಬರುತ್ತದೆ ಎಂದೆ. ನಿನ್ನಿಷ್ಟ ಎಂದು ಅವನು ಇನ್ನೊಂದು ಬಕೆಟ್ಟಿಗೆ ಕೈ ಹಾಕಿದ. ಕೂರು ಎನ್ನಲಿಲ್ಲ.

ಸೀದಾ ಸೆಂಟರಿಗೆ ಹೋದೆ. ಮೂವರೂ ಇದ್ದರು, ಚಾಚಾನ ಮಗ ಮಾತ್ರ ಇನ್ನೂ ಬಂದಿರಲಿಲ್ಲ. ನಿಂತುಕೊಂಡೇ ಹೇಳಿದೆ. ತಪ್ಪು ಶೇಷಣ್ಣನದಲ್ಲ, ನನ್ನದು, ಮೂರನೆಯ ಆಟದಲ್ಲಿ ಅವರನ್ನು ಮ್ಯೂಟ್ ಮಾಡಿದ್ದೆ ಎಂದೆ. ಆಕಾಶವೇ ಕಳಚಿ ಬೀಳುತ್ತದೆ ಎಂದು ಕಾದಿದ್ದೆ. ಇಮ್ತಿಯಾಜ್ ಅಣ್ಣತಮ್ಮಂದಿರ ಮುಖ ನೋಡಿದ. ಮೂವರಿಗೂ ನಗು ಬಂತು.

“ಲೋ, ನೀನೊಬ್ನೇ ಅಂದ್ಕೊಂಡ್ಯಾ? ಎರಡನೇ ಆಟದಲ್ಲೇ ನಾನು ಮಾಡಿದ್ದೆ. ತಲೆ ತಿಂತಿದ್ದ ಮಾರಾಯ,” ಎಂದ ಇಮ್ತಿಯಾಜ್.

ಅಣ್ಣತಮ್ಮಂದಿರು ತಾವು ಮೊದಲ ಆಟದ ನಡುವೆಯೇ ಮಾಡಿದ್ದಾಗಿ ಹೆಮ್ಮೆಯಿಂದ ಹೇಳಿದರು. ಕೊನೆಯ ಆಟದಲ್ಲಿ ಆ ಮನುಷ್ಯ ಮೂವತ್ತು ನಿಮಿಷ ಎಣಿಸಿದ್ದು ಒಂದು ಕಿವಿಗೂ ಮುಟ್ಟಿರಲಿಲ್ಲ. ಅದು ಇಮ್ತಿಯಾಜ್‌ಗೆ ಗೊತ್ತಿತ್ತು, ಗೊತ್ತಿದ್ದೂ ಕೋಟೆ ಬಿಟ್ಟು ಯಾಕೆ ಹೋದಿರಿ ಎಂದು ಕೇಳಿದ್ದ. ಹಾಗಾದರೆ ಅವರನ್ನು ವಾಪಸು ಕರೆಯೋಣ ಎಂದೆ. ಹೋಗಲಿ ಬಿಡು, ನಿನ್ನ ಬೆರಳು ನಮಗೆ ಬೇಕು, ಬಾ ಕೂರು ಎಂದ ಇಮ್ತಿಯಾಜ್. ನನ್ನ ಅಪರಾಧಕ್ಕೆ ಸಿಕ್ಕ ಶಿಕ್ಷೆ ಅಷ್ಟೆ. ಈ ಮೂವರನ್ನು ನಾನು ಎಷ್ಟು ಹಗುರವಾಗಿ ಕಾಣುತ್ತಿದ್ದೆ! ಆ ಸಾಲಿನಲ್ಲಿ ಅವರಿಗೂ ನನಗೂ ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಎದ್ದು ಹೊರಟುಬಂದೆ ಎಂದು ಬರೆಯಲು ನನಗೂ ಆಸೆ. ಬರಲಿಲ್ಲ. ಕೂತೆ. ಇನ್ನೂ ಆರು ತಿಂಗಳು ಅದೇ ಕುರ್ಚಿಯಲ್ಲಿ ಕೂತು ಅವರ ಜೊತೆ ಆಡಿದೆ. ಕಿವಿಯ ತುಂಬ ಚಾಚಾನ ಮಗನ ಹಳಸಲು ಜೋಕುಗಳು. ಶೇಷಗಿರಿ ಮಹಡಿ ಹತ್ತಲಿಲ್ಲ, ಯಾರೂ ಕರೆಯಲೂ ಇಲ್ಲ. ನಾನು ಎರಡು ಸಲ ಛತ್ರದವರೆಗೆ ಹೋಗಿ, ಗೇಟಿನ ಆಚೆಯಿಂದಲೇ ಹಿಂದಿರುಗಿದೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಸೆಂಟರಿನಲ್ಲಿ ನಾನೊಬ್ಬನೇ ಇದ್ದೆ. ಆಟ ತೆರೆದಾಗ ಗೆಳೆಯರ ಪಟ್ಟಿಯಲ್ಲಿ ಅವನ ಹೆಸರು ಇನಿಷಿಯಲ್ ಸಮೇತ ಹಸಿರಾಗಿ ಹೊಳೆಯುತ್ತಿತ್ತು. ಎಲ್ಲಿಂದಲೋ, ಯಾರೋ ಅಪರಿಚಿತರ ಜೊತೆ ಆಡುತ್ತಿದ್ದ. ಗೆಳೆಯರ ಆಟವನ್ನು ದೂರದಿಂದ ನೋಡಲು ಬರುತ್ತದೆ, ನೋಡುತ್ತಿದ್ದೇವೆಂದು ಆಡುವವರಿಗೆ ತಿಳಿಯುವುದಿಲ್ಲ. ನೋಡಿದೆ. ಅದೇ ನಿಧಾನದ ಬೆರಳು. ಒಂದು ಗೂಟ ನೆಟ್ಟ, ಒಬ್ಬನಿಗೆ ಮದ್ದು ಕೊಟ್ಟ. ಉಳಿದ ನಾಲ್ವರೂ ಬೇರೆ ಬೇರೆ ದಾರಿಗಳಲ್ಲಿ ಚದುರಿ ಮುಂದೆ ಮುಂದೆ ಹೋಗುತ್ತಿದ್ದರು. ಆ ನಾಲ್ಕು ಹೆಸರುಗಳನ್ನು ನಾನು ಎಂದೂ ಕೇಳಿರಲಿಲ್ಲ. ಅವನನ್ನು ಅವರೂ ಎಂದೂ ನೋಡಿರಲಾರರು.

ಶೇಷಣ್ಣ ಒಂದು ಪೊದೆಯ ಮೇಲೆ ಹಳದಿ ಗುರುತು ಒತ್ತಿದ. ಅಲ್ಲಿ ಏನೂ ಕಾಣುತ್ತಿರಲಿಲ್ಲ. ನಾಲ್ಕು ಹಸಿರು ಚುಕ್ಕೆಗಳೂ ಇದ್ದಲ್ಲೇ ನಿಂತವು, ಒಟ್ಟಿಗೇ ಹಿಂದಕ್ಕೆ ತಿರುಗಿದವು.